ಎರಡೂ ಒಂದೇ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಹಾಡಿನ ಮೂರನೆಯ ಸಾಲಿನ ನಡುವೆ, ಕಿವಿಯಣ್ಣನ ಆಂಪ್ಲಿಫೈಯರ್ ಪ್ರಾಣ ಬಿಟ್ಟಿತು. ಹೆಚ್ಚು ನರಳಲಿಲ್ಲ. ಹಾಡುತ್ತಿದ್ದ ಹೆಂಗಸಿನ ದನಿ ಬಾವಿಗೆ ಇಳಿದ ಹಾಗೆ ಕೆಳಗೆ ಕೆಳಗೆ ಹೋಯಿತು, ಪೆಟ್ಟಿಗೆಯ ಹಿಂದಿನ ತೂತುಗಳಿಂದ ಎಳೆಯಷ್ಟು ಹೊಗೆ ಎದ್ದಿತು, ಸುಟ್ಟ ರಬ್ಬರಿನ ವಾಸನೆ ಅಡುಗೆಮನೆಯ ತನಕ ಹರಡಿತು. ರೆಕಾರ್ಡ್ ಮಾತ್ರ ಏನೂ ಆಗಿಲ್ಲವೆಂಬಂತೆ ಸುತ್ತುತ್ತಲೇ ಇತ್ತು.

“ಹೋಯ್ತಾ?” ಹೆಂಡತಿ ಒಳಗಿನಿಂದಲೇ ಕೇಳಿದಳು.

“ಹೋಯ್ತು.”

“ಪಾಪ, ಎಷ್ಟು ವರ್ಷ ಆಗಿತ್ತು ಅದಕ್ಕೆ?”

“ನಮ್ಮ ಮದುವೆಗಿಂತ ಎರಡು ವರ್ಷ ಹೆಚ್ಚು,” ಎಂದ. ಅದನ್ನು ಯಾವ ಅರ್ಥದಲ್ಲಿ ಹೇಳಿದನೆಂದು ಆಕೆ ವಿಚಾರಿಸಲು ಹೋಗಲಿಲ್ಲ.

ಕಿವಿಯಣ್ಣ ಎಂಬುದು ತಾಯಿತಂದೆ ಇಟ್ಟ ಹೆಸರಲ್ಲ, ಕಾರ್ಖಾನೆ ಇಟ್ಟದ್ದು. ಲಿಫ್ಟಿನ ಮೋಟಾರ್ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನದು ಒಂದೇ ಕೆಲಸ. ಎಲ್ಲರ ಕೈ ದಾಟಿ ಬಂದ ಮೋಟಾರನ್ನು ಕೊನೆಯ ಮೇಜಿನ ಮೇಲೆ ಇಟ್ಟು ಓಡಿಸುತ್ತಾರೆ. ಅವನು ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತಿರುವ ಜಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚುತ್ತಾನೆ. ಒಳಗೆ ಉರುಳುವ ಗುಂಡುಗಳಲ್ಲಿ ಒಂದಕ್ಕೆ ಕೂದಲೆಳೆಯಷ್ಟು ಗೀರು ಇದ್ದರೂ ಹುಬ್ಬು ಗಂಟಾಗುತ್ತದೆ. ಸರಿಯಿದ್ದರೆ ಸೀಮೆಸುಣ್ಣದಲ್ಲಿ ಒಂದು ಗೀಟು, ಇಲ್ಲದಿದ್ದರೆ ಕತ್ತರಿ ಗುರುತು. ಕತ್ತರಿ ಬಿದ್ದ ಮೋಟಾರ್ ಹಿಂದಕ್ಕೆ ಹೋಗುತ್ತದೆ, ಯಾಕೆಂದು ಯಾರೂ ಕೇಳುವುದಿಲ್ಲ. ಅವನು ಗೀಟು ಹಾಕಿ ಬಿಟ್ಟ ಒಂದು ಮೋಟಾರೂ ಈವರೆಗೆ ಯಾರನ್ನೂ ನಡುದಾರಿಯಲ್ಲಿ ನಿಲ್ಲಿಸಿರಲಿಲ್ಲ. ಅವನಿಗಿದ್ದ ಹೆಮ್ಮೆ ಇದೊಂದೇ. ಬೇರೆ ಹೆಮ್ಮೆ ಪಡುವಂಥದ್ದು ಅವನ ಬಾಳಿನಲ್ಲಿ ಹೆಚ್ಚೇನೂ ಆಗಿರಲಿಲ್ಲ.

ಹಗಲಿಡೀ ಮೋಟಾರುಗಳ ಗೊರಗೊರ ತುಂಬಿಕೊಂಡ ಕಿವಿಗೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಒಂದು ಗಂಟೆ ಸಂಗೀತ ಬೇಕೇ ಬೇಕು. ಬೇರೆಯವರು ಮನೆಗೆ ಬಂದು ಕೈಕಾಲು ತೊಳೆಯುವ ಹಾಗೆ ಅವನು ಕಿವಿ ತೊಳೆದುಕೊಳ್ಳುತ್ತಿದ್ದ. ಹಾಗಾಗಿ ಅವತ್ತೇ ಹೊಸ ಆಂಪ್ಲಿಫೈಯರ್ ತರುವುದೆಂದು ನಿರ್ಧರಿಸಿ ಮ್ಯಾನೇಜರಿಗೆ ಫೋನ್ ಮಾಡಿದ.

“ಸಾರ್, ಇವತ್ತೊಂದು ದಿನ ರಜ ಬೇಕಿತ್ತು.”

“ಯಾರಾದ್ರೂ ತೀರ್ಕೊಂಡ್ರಾ?”

“ಹೂಂ, ಹಾಗೇ ಅಂದ್ಕೊಳ್ಳಿ.”

ಫೋನ್ ಇಡುವಷ್ಟರಲ್ಲಿ ಕೆಳಗಿನ ಮನೆಯ ಮೇಷ್ಟ್ರು ಬಾಗಿಲಲ್ಲಿದ್ದರು. ನಿವೃತ್ತರು. ಮಂಡಿ ನೋವು, ಮೂಗು ಮಾತ್ರ ಚೆನ್ನಾಗಿತ್ತು, ಎಲ್ಲರ ಮನೆಯೊಳಗೂ ಸಲೀಸಾಗಿ ತೂರುತ್ತಿತ್ತು. “ಯಾಕಪ್ಪ, ಹಾಡು ಅರ್ಧಕ್ಕೇ ನಿಂತ್ಹೋಯ್ತು? ಏನಾಯ್ತೋ ಅಂತ ಓಡಿ ಬಂದೆ,” ಎಂದರು. ಮೂರನೆಯ ಮಹಡಿಯಿಂದ ನಾಲ್ಕನೆಯದಕ್ಕೆ ಅವರು ಲಿಫ್ಟಿನಲ್ಲಿ ಓಡಿ ಬಂದಿದ್ದರು.

ಇನ್ನೊಬ್ಬನನ್ನು ಹೆಂಡತಿಯೇ ಕರೆಸಿದಳು. ಅವಳ ತಮ್ಮ. ಕಾರು, ಕಿಡ್ನಿ, ಕಾನೂನು, ಯಾವುದರ ಬಗ್ಗೆ ಬೇಕಾದರೂ ಹಿಂದಿನ ರಾತ್ರಿಯೇ ಓದಿಕೊಂಡಿರುತ್ತಿದ್ದ ಭಾಮೈದ. ಸತ್ತ ಪೆಟ್ಟಿಗೆಯನ್ನು ಕಾಲಿನಿಂದ ಸರಿಸಿ, “ಭಾವ, ಈಗೆಲ್ಲ ಇಂಟಿಗ್ರೇಟೆಡ್ಡು. ಎರಡು ಪೆಟ್ಟಿಗೆ ಮಾಡೋ ಕೆಲಸ ಒಂದೇ ಪೆಟ್ಟಿಗೇಲಿ ಆಗತ್ತೆ. ಆದ್ರೆ ತಗೊಂಡ್ರೆ ದೊಡ್ಡದು ತಗೋಬೇಕು. ಜೀವನದಲ್ಲಿ ಒಂದು ಸಲ ತಾನೆ?” ಎಂದ.

“ಮೊದಲು ಕೇಳಿ ನೋಡೋಣ,” ಎಂದ ಕಿವಿಯಣ್ಣ, ತನಗಿಷ್ಟವಾದ ಆ ರೆಕಾರ್ಡನ್ನು ಚೀಲಕ್ಕೆ ಹಾಕಿಕೊಳ್ಳುತ್ತ.

ಒಬ್ಬನೇ ಹೋಗಬೇಕೆಂದಿದ್ದವನು ನಾಲ್ಕು ಜನರಾಗಿ ಹೊರಟ.

ಆರು ಮಹಡಿಯ ಕಟ್ಟಡ. ನೆಲಮಹಡಿಯಲ್ಲಿ ಟೈರ್ ಅಂಗಡಿ, ಅಲ್ಲಿ ಬಡಿತ, ಬೈಗುಳ. ಎರಡನೆಯ ಮಹಡಿಯಲ್ಲಿ ಆಂಪ್ಲಿಫೈಯರ್ ಅಂಗಡಿ, ಅಲ್ಲಿ ದಪ್ಪ ಪರದೆ, ಹೆಜ್ಜೆ ಸದ್ದು ನುಂಗುವ ಜಮಖಾನ, ಒಂದೇ ಒಂದು ಉದ್ದ ಸೋಫಾ. ಅಂಗಡಿಯ ಯಜಮಾನ ಕೈಗೆ ಬಿಳಿ ಗವಸು ತೊಟ್ಟಿದ್ದ. ಸಾವಿನ ಮನೆಗೆ ಬಂದವರನ್ನು ಕೂರಿಸುವ ಹಾಗೆ ಪಿಸುದನಿಯಲ್ಲೇ ಎಲ್ಲರನ್ನೂ ಕೂರಿಸಿದ. ಚಹಾ ಬಂತು, ಬಿಸ್ಕತ್ತು ಬಂತು.

ಎದುರಿನ ಹಲಗೆಯ ಮೇಲೆ ಎರಡು ಆಂಪ್ಲಿಫೈಯರ್ ಇದ್ದವು. ಒಂದು ಚಿಕ್ಕದು, ಕಪ್ಪು, ಎರಡು ನಿಘಂಟು ಒಂದರ ಮೇಲೊಂದು ಇಟ್ಟಷ್ಟು ಗಾತ್ರ. ಇನ್ನೊಂದು ಬೆಳ್ಳಿ ಬಣ್ಣದ್ದು, ಎತ್ತಲು ಇಬ್ಬರು ಬೇಕು, ಬೆಲೆ ಕೇಳಲು ಗುಂಡಿಗೆ ಬೇಕು. ಎರಡರ ದೀಪವೂ ನೀಲಿಯಾಗಿ ಉರಿಯುತ್ತಿತ್ತು. ನಡುವೆ ಒಂದು ತಿರುಗುಣಿ. ಎಡಕ್ಕೆ ತಿರುಗಿಸಿದರೆ ಚಿಕ್ಕದು ಹಾಡುತ್ತದೆ, ಬಲಕ್ಕೆ ತಿರುಗಿಸಿದರೆ ದೊಡ್ಡದು. ಸ್ಪೀಕರುಗಳು ಎರಡಕ್ಕೂ ಅವೇ.

ಯಜಮಾನ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. “ಇದು ಚಿಕ್ಕದು ಸಾರ್.” ಒಂದು ನಿಮಿಷ ಬಿಟ್ಟು ಟಕ್ ಎಂದು ತಿರುಗಿಸಿದ. “ಇದು ದೊಡ್ಡದು.”

ಮೇಷ್ಟ್ರು ಕಣ್ಣು ಮುಚ್ಚಿ ತಲೆದೂಗಿದರು. “ಆಹಾ. ಮೋಡ ಸರಿದ ಹಾಗಾಯ್ತು.”

“ಅಗಲ ನೋಡಿ ಭಾವ, ಅಗಲ,” ಎಂದ ಭಾಮೈದ. “ಪಿಟೀಲಿನವನು ಕಿಟಕಿಯಿಂದಾಚೆ ಹೋಗಿ ಕೂತ.”

ಹೆಂಡತಿ ಬಾಯಲ್ಲಿದ್ದ ಬಿಸ್ಕತ್ತು ನುಂಗಿ, “ಸ್ವಲ್ಪ ಮೆತ್ತಗಿದೆ ಅಲ್ವಾ?” ಎಂದಳು.

ಕಿವಿಯಣ್ಣ ಮುಂದಕ್ಕೆ ಬಾಗಿ ಕೂತ. ಹಾಡುವವಳು ಮೂರನೆಯ ಸಾಲಿಗೆ ಮುಂಚೆ ಉಸಿರೆಳೆದುಕೊಳ್ಳುವ ಜಾಗ ಅವನಿಗೆ ತನ್ನ ಮನೆಯ ಹೊಸ್ತಿಲಿನಷ್ಟೇ ಗೊತ್ತು. ಆ ಉಸಿರು ಚಿಕ್ಕದರಲ್ಲಿ ಎಷ್ಟಿತ್ತೋ ದೊಡ್ಡದರಲ್ಲೂ ಅಷ್ಟೇ ಇತ್ತು. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

“ಎರಡೂ ಒಂದೇ,” ಎಂದ.

ಸೋಫಾದ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಜಮಾನ ಬೇಸರಪಡಲಿಲ್ಲ. “ಕಣ್ಣು ಮುಚ್ಚಿ ಸಾರ್. ನಾನು ತಿರುಗಿಸ್ತಾ ಹೋಗ್ತೀನಿ, ಯಾವುದು ಅಂತ ತಾವು ಹೇಳಿ,” ಎಂದ.

ಟಕ್. “ಚಿಕ್ಕದು.”

ಟಕ್. “ಚಿಕ್ಕದು.”

ಟಕ್. “ಇದೂ ಚಿಕ್ಕದೇ.”

“ಭಾವ, ಸ್ವಲ್ಪ ಮನಸ್ಸಿಟ್ಟು ಕೇಳಿ,” ಎಂದು ಭಾಮೈದ ಮೆಲ್ಲಗೆ ಹೇಳಿದ. ಯಜಮಾನ ಆರು ಸಲ ತಿರುಗಿಸಿದ, ಆರು ಸಲವೂ ಅವನು ಚಿಕ್ಕದು ಎಂದ. ಕಣ್ಣು ತೆರೆದಾಗ ಯಜಮಾನ ಗವಸು ಬಿಚ್ಚಿ ಮಡಿಸುತ್ತಿದ್ದ.

“ತಾವು ಕೆಲಸ ಮಾಡೋದು ಎಲ್ಲಿ ಸಾರ್?”

“ಮೋಟಾರ್ ಫ್ಯಾಕ್ಟರಿ.”

“ಎಷ್ಟು ವರ್ಷ?”

“ಇಪ್ಪತ್ತಾರು.”

“ಓ,” ಎಂದ ಯಜಮಾನ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದ ಡಾಕ್ಟರ್ ಅನ್ನುವಂಥ ಓ ಅದು. “ಗದ್ದಲದ ಜಾಗ. ನಿಧಾನವಾಗಿ ಬರೋದು ಸಾರ್ ಇದು. ಮೇಲಿನ ಸ್ವರ ಮೊದಲು ಹೋಗತ್ತೆ. ಹೋದೋರಿಗೆ ಹೋಗಿದೆ ಅಂತ್ಲೇ ಗೊತ್ತಾಗಲ್ಲ.”

ಕಿವಿಯಣ್ಣ ಎರಡೂ ಕಿವಿಗಳನ್ನು ಮುಟ್ಟಿ ನೋಡಿಕೊಂಡ.

“ನಾನು ಹೇಳಬಾರದು ಅಂತಿದ್ದೆ,” ಎಂದು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. “ಹೋದ ತಿಂಗಳು ಮೆಟ್ಟಿಲ ಹತ್ರ ಮೂರು ಸಲ ಕರೆದೆ ಕಣಪ್ಪ. ನೀನು ತಿರುಗಿಯೂ ನೋಡ್ಲಿಲ್ಲ.”

“ನಾನು ಅಡುಗೆಮನೆಯಿಂದ ಕೂಗಿದ್ರೂ ಅಷ್ಟೇ,” ಎಂದಳು ಹೆಂಡತಿ. “ಕಸದ ಡಬ್ಬಿ ಕೆಳಗಿಟ್ಟು ಬನ್ನಿ ಅಂತ ದಿನಾ ಹೇಳ್ತೀನಿ. ಉತ್ತರಾನೇ ಇರಲ್ಲ.”

ಮೇಷ್ಟ್ರು ಕರೆದದ್ದು ಅವನಿಗೆ ಮೂರು ಸಲವೂ ಕೇಳಿಸಿತ್ತು. ಕಸದ ಡಬ್ಬಿಯ ಮಾತಂತೂ ದಿನಾ ಕೇಳಿಸುತ್ತಿತ್ತು. ಆದರೆ ಅದನ್ನು ಇಲ್ಲಿ, ಇಬ್ಬರ ಮುಖ ನೋಡಿಕೊಂಡು, ಹೇಗೆ ಹೇಳುವುದು? ಯೋಚಿಸಿದಷ್ಟೂ ಅನುಮಾನ ಬಲಿಯಿತು. ನಿಜವಾಗಿ ಕೇಳಿಸಿತ್ತೇ, ಅಥವಾ ಕೇಳಿಸದೇ ಇದ್ದದ್ದನ್ನೇ ಕೇಳಿಸಿಯೂ ಸುಮ್ಮನಿದ್ದೆ ಎಂದುಕೊಂಡು ಬಂದಿದ್ದೇನೆಯೇ? ಮೂರು ಜನ ಒಂದು ಕಡೆ, ತಾನೊಬ್ಬ ಒಂದು ಕಡೆ. ಇಪ್ಪತ್ತಾರು ವರ್ಷ ಜನ ಅವನ ಮಾತನ್ನು ಪ್ರಶ್ನಿಸದೆ ಒಪ್ಪಿದ್ದರು, ಹಾಗಾಗಿ ತನ್ನ ಮಾತಿಗೆ ಅಂಟಿಕೊಂಡು ನಿಲ್ಲುವ ಅಭ್ಯಾಸವೇ ಅವನಿಗಿರಲಿಲ್ಲ.

“ದೊಡ್ಡದೇ ಕೊಡಿ,” ಎಂದ ಕೊನೆಗೆ. “ನನ್ನ ಕಿವಿ ಹೋದ್ರೂ ಮನೇಲಿ ಇವಳದಾದ್ರೂ ಇದೆಯಲ್ಲ. ಇವಳು ಕೇಳ್ಲಿ.”

ಹೆಂಡತಿ ಏನೋ ಹೇಳಹೊರಟವಳು, ಎರಡನೆಯ ಸಲ ಚಹಾ ಬಗ್ಗಿಸುತ್ತಿದ್ದ ಯಜಮಾನನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು. ಒಂದು ವರ್ಷದ ಸಂಬಳದಷ್ಟು ಹಣ ಐದು ನಿಮಿಷದಲ್ಲಿ ಕೈಬಿಟ್ಟು ಹೋಯಿತು. ಸಂಜೆ ಮನೆಗೇ ತಂದು ಜೋಡಿಸಿ ಕೊಡುವುದೆಂದಾಯಿತು.

ಹೊರಗೆ ಬಂದಾಗ ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಒಬ್ಬ ತಾಯಿ, ತೊಟ್ಟಿಲುಗಾಡಿಯಲ್ಲಿ ಕೂಸು, ಊರುಗೋಲು ಹಿಡಿದ ಒಬ್ಬ ಮುದುಕ. ಕಿವಿಯಣ್ಣ ನಿಂತಲ್ಲೇ ನಿಂತ. ಈ ಮೋಟಾರನ್ನು ಕೇಳಿ ಬಿಟ್ಟವರು ಯಾರು? ಕಿವಿ ಹೋದದ್ದು ಯಾವತ್ತಿನಿಂದ, ಮೊನ್ನೆಯೋ, ಮೂರು ವರ್ಷದ ಹಿಂದೆಯೋ? ದಿನಕ್ಕೆ ಹನ್ನೆರಡು ಮೋಟಾರಿಗೆ ಗೀಟು ಹಾಕಿ ಕಳಿಸಿದ್ದ. ಅವು ಯಾವ ಯಾವ ಊರಿನ ಯಾವ ಯಾವ ಮಹಡಿಗಳ ನಡುವೆ ಇಂಥ ಕೂಸುಗಳನ್ನು ಹೊತ್ತುಕೊಂಡು ಓಡಾಡುತ್ತಿವೆಯೋ.

“ನೀವು ಮನೆಗೆ ಹೋಗಿ. ನಂಗೆ ಫ್ಯಾಕ್ಟರೀಲಿ ಸ್ವಲ್ಪ ಕೆಲಸ ಇದೆ,” ಎಂದು ಮೆಟ್ಟಿಲಿಳಿದು ಹೊರಟ.

ಕಾರ್ಖಾನೆಯಲ್ಲಿ ಮೊದಲು ತನ್ನ ಮೇಜಿಗೇ ಹೋದ. ಓಡುತ್ತಿದ್ದ ಒಂದು ಮೋಟಾರಿಗೆ ಸ್ಕ್ರೂಡ್ರೈವರ್ ಒತ್ತಿ ಕೇಳಿದ. ಗುಂಡುಗಳು ನುಣ್ಣಗೆ ಉರುಳುತ್ತಿದ್ದವು, ಎಲ್ಲ ಎಂದಿನಂತೆಯೇ ಇತ್ತು. ಅದರಿಂದ ಸಮಾಧಾನವಾಗುವ ಬದಲು ಭಯ ಇಮ್ಮಡಿಯಾಯಿತು. ಕೇಳಿಸುವುದು ಕೇಳಿಸುತ್ತದೆ, ಸರಿ. ಕೇಳಿಸದೇ ಇರುವುದು ಕೇಳಿಸುತ್ತಿಲ್ಲ ಎಂದು ತಿಳಿಯುವುದು ಹೇಗೆ?

ಮ್ಯಾನೇಜರ್ ಅವನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ನೀರು ತರಿಸಿಕೊಟ್ಟರು.

“ಡಾಕ್ಟರ್ ಹತ್ರ ಹೋಗಿ ಸರ್ಟಿಫಿಕೇಟ್ ತರ್ಲಾ ಸಾರ್?”

“ಛೆ, ನೀವೇ ಹೇಳಿದ ಮೇಲೆ ಡಾಕ್ಟರ್ ಯಾಕೆ ಕಿವಿಯಣ್ಣ? ಇಷ್ಟು ವರ್ಷ ನಿಮ್ಮ ಮಾತೇ ತಾನೆ ನಮಗೆ ಸರ್ಟಿಫಿಕೇಟು,” ಎಂದು ಮ್ಯಾನೇಜರ್ ಒಂದು ಬಿಳಿ ಹಾಳೆಯನ್ನು ಮುಂದೆ ತಳ್ಳಿದರು. “ಇದನ್ನೇ ಎರಡು ಸಾಲು ಬರ್ದು ಸಹಿ ಹಾಕ್ಬಿಡಿ.”

‘ನನ್ನ ಕಿವಿ ನಂಬಲು ಯೋಗ್ಯವಲ್ಲವೆಂದು ನನಗೇ ಮನವರಿಕೆಯಾಗಿರುವುದರಿಂದ ಈ ಕೆಲಸದಿಂದ ಬಿಡುಗಡೆ ಕೊಡಬೇಕು’ ಎಂದು ಬರೆದ. ಅಕ್ಷರ ದುಂಡಗೆ ಬಂದವು. ಸಹಿ ಹಾಕುವಾಗ ಮಾತ್ರ ಕಣ್ಣು ಮಂಜಾಗಿ ಗೆರೆ ತಪ್ಪಿತು.

ಮ್ಯಾನೇಜರ್ ಬೀರು ತೆರೆದು ಒಂದು ಹಳದಿ ಪೆಟ್ಟಿಗೆ ಹೊರತೆಗೆದರು. ಅದಕ್ಕೊಂದು ವೈರು, ವೈರಿನ ತುದಿಗೊಂದು ಅಯಸ್ಕಾಂತ. ಮೋಟಾರಿಗೆ ಅಂಟಿಸಿದರೆ ಹಸಿರು ಅಥವಾ ಕೆಂಪು ದೀಪ ಹತ್ತುತ್ತದಂತೆ. “ಹೋದ ವರ್ಷಾನೇ ತರಿಸಿದ್ದೆ. ನಿಮ್ಮ ಮನಸ್ಸಿಗೆ ನೋವಾಗುತ್ತೆ ಅಂತ ಒಳಗಿಟ್ಟಿದ್ದೆ,” ಎಂದರು. ಆಮೇಲೆ ಗೇಟ್ ಪಾಸ್ ಇಸಿದುಕೊಂಡರು.

ಹೊರಡುವಾಗ ಮೂಲೆಯಲ್ಲಿದ್ದ ಮೋಟಾರ್ ಕಣ್ಣಿಗೆ ಬಿತ್ತು. ಹಿಂದಿನ ದಿನ ಅವನೇ ಕತ್ತರಿ ಹಾಕಿ ಹಿಂದಕ್ಕೆ ಕಳಿಸಿದ್ದು. ಹಳದಿ ಪೆಟ್ಟಿಗೆಯ ವೈರು ಅದರ ಬೆನ್ನಿಗೆ ಅಂಟಿತು, ಹಸಿರು ದೀಪ ಹತ್ತಿತು, ಯಾರೋ ಒದ್ದೆ ಬಟ್ಟೆ ತಂದು ಅವನ ಸುಣ್ಣದ ಕತ್ತರಿಯನ್ನು ಒರೆಸಿಹಾಕಿದರು.

ಸಂಜೆ ಆರಕ್ಕೆ ಅವನು ಮನೆ ಸೇರಿದಾಗ ಬೆಳ್ಳಿ ಬಣ್ಣದ ಆಂಪ್ಲಿಫೈಯರ್ ಹಜಾರದ ಅರ್ಧ ನುಂಗಿ ಕೂತಿತ್ತು. ಹೊತ್ತು ತಂದವರು ಆಗಲೇ ಹೋಗಿದ್ದರು. ಮೇಷ್ಟ್ರು, ಭಾಮೈದ, ಹೆಂಡತಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಅಂಗಡಿಯ ಯಜಮಾನ ನೆಲದ ಮೇಲೆ ಮಂಡಿಯೂರಿ ವೈರು ಜೋಡಿಸುತ್ತಿದ್ದ. ಕಿವಿಯಣ್ಣನನ್ನು ಕಂಡವನೇ ಎದ್ದು ನಿಂತು ಗವಸು ಬಿಚ್ಚಿದ.

“ಸಾರ್, ಒಂದು ಮಾತು ಹೇಳ್ಬೇಕು. ತಾವು ತಪ್ಪು ತಿಳ್ಕೋಬಾರ್ದು.”

“ಏನು?”

“ಇದನ್ನ ಪ್ಯಾಕ್ ಮಾಡೋಣ ಅಂತ ಹಲಗೆಯಿಂದ ಎಳೆದ್ವಿ. ಹಿಂದೆ ನೋಡಿದ್ರೆ, ಇದರಿಂದ ತಿರುಗುಣಿಗೆ ಹೋಗೋ ವೈರೇ ಇರ್ಲಿಲ್ಲ. ಹೋದ ವಾರ ನಮ್ಮ ಹುಡುಗರು ಧೂಳು ಹೊಡೆಯುವಾಗ ತೆಗೆದದ್ದು, ಮತ್ತೆ ಹಾಕಿಲ್ಲ. ಎರಡು ಕಡೆಗೂ ಚಿಕ್ಕದರ ವೈರೇ ಸಿಕ್ಕಿಸಿದ್ದಾರೆ.” ಯಜಮಾನನ ಪಿಸುದನಿ ಇನ್ನೂ ತಗ್ಗಿತು. “ಒಂದು ವಾರದಿಂದ ನಮ್ಮ ಅಂಗಡೀಲಿ ಚಿಕ್ಕದೊಂದೇ ಹಾಡ್ತಿತ್ತು ಸಾರ್. ಬಂದೋರೆಲ್ಲ ದೊಡ್ಡದನ್ನ ಹೊಗಳಿ ಹೋಗ್ತಿದ್ರು. ಎರಡೂ ಒಂದೇ ಅಂದವರು ತಾವೊಬ್ರೇ.”

ಮೊದಲು ಚೇತರಿಸಿಕೊಂಡವರು ಮೇಷ್ಟ್ರು. “ನಂಗೂ ಆಗಲೇ ಅನುಮಾನ ಇತ್ತು,” ಎಂದರು.

“ನಾನು ಅಗಲ ಅಂದೆ ಅಷ್ಟೇ. ಚೆನ್ನಾಗಿದೆ ಅಂತ ಎಲ್ಲಿ ಹೇಳ್ದೆ?” ಎಂದ ಭಾಮೈದ.

ಹೆಂಡತಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡಿದಳು. “ನಂಗೇನೂ ಕೇಳಿಸ್ಲೇ ಇಲ್ಲ ರೀ. ಅವರ ಚಹಾ ಕುಡಿದು ಏನೂ ಇಲ್ಲ ಅನ್ನೋದು ಹೇಗೆ ಅಂತ...”

ಕಿವಿಯಣ್ಣ ಅವರ ಯಾರ ಮಾತನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಳಬೇಕೋ ನಗಬೇಕೋ ತಿಳಿಯದೆ, ಮ್ಯಾನೇಜರಿಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದ. “ನನ್ನ ಕಿವಿ ಸರಿಯಾಗಿದೆ ಸಾರ್. ಆ ಕಾಗದ ಹರಿದುಹಾಕಿ. ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ.”

“ಸರಿಯಾಗಿದೆ ಅಂತ ಹೇಳಿದ್ದು ಯಾರು?”

“ಆಂಪ್ಲಿಫೈಯರ್ ಅಂಗಡಿಯವರು.”

“ಹೋಗಿದೆ ಅಂತ ಹೇಳಿದ್ದು?”

“ಅವರೇ ಸಾರ್.”

ಮ್ಯಾನೇಜರ್ ತುಂಬ ಮೃದುವಾಗಿ ಹೇಳಿದರು. “ಕಿವಿಯಣ್ಣ, ನಿಮ್ಮ ಕಿವಿ ಸರಿಯಾಗೇ ಇರಬಹುದು. ಆದ್ರೆ ಅದನ್ನ ನಂಬಬೇಡಿ ಅಂತ ನೀವೇ ಬರ್ದ ಕಾಗದ ನನ್ನ ಫೈಲಲ್ಲಿದೆ. ನಾಳೆ ಎಲ್ಲೋ ಒಂದು ಲಿಫ್ಟಿಗೆ ಏನೋ ಆಯ್ತು ಅಂದ್ಕೊಳ್ಳಿ. ಇಷ್ಟು ಬರ್ಕೊಟ್ಟವನನ್ನ ಮತ್ಯಾಕೆ ಕೂರಿಸಿದೆ ಅಂತ ನನ್ನ ಕೇಳಲ್ವಾ? ಡಾಕ್ಟರೇ ಬರ್ಕೊಟ್ಟಿದ್ರೆ ಇನ್ನೊಬ್ಬ ಡಾಕ್ಟರ್ ಹತ್ರ ಹೋಗಬಹುದಿತ್ತು. ನೀವೇ ಬರ್ದಿದ್ದೀರಿ. ನಿಮ್ಮ ಮಾತಿನ ಮೇಲೆ ಇನ್ಯಾರು ಮಾತಾಡ್ತಾರೆ?”

ಕಿವಿಯಣ್ಣ ಫೋನ್ ಇಟ್ಟ. ಅವನ ಮುಖ ನೋಡಿ ಯಜಮಾನ ಅವಸರದಿಂದ ಗುಂಡಿ ಒತ್ತಿ ರೆಕಾರ್ಡ್ ಹಾಕಿದ. ಬೆಳಿಗ್ಗೆ ಅಂಗಡಿಯಲ್ಲೇ ಉಳಿದು, ಈಗ ಪೆಟ್ಟಿಗೆಯ ಜೊತೆ ಬಂದಿದ್ದ ಅದೇ ರೆಕಾರ್ಡು.

ದೊಡ್ಡದು ಮೊದಲ ಸಲ ಬಾಯಿ ತೆರೆಯಿತು. ಮೂರನೆಯ ಸಾಲಿಗೆ ಮುಂಚೆ ಹಾಡುವವಳು ಉಸಿರೆಳೆದುಕೊಂಡಳು. ಆ ಉಸಿರಿನ ಒಳಗೆ ಇನ್ನೊಂದು ಸಣ್ಣ ನಡುಕ ಇತ್ತು. ಇಷ್ಟು ವರ್ಷ ಕೇಳಿದ್ದರೂ ಅವನಿಗೆ ಅದು ಗೊತ್ತಿರಲಿಲ್ಲ. ಹಾಡುವಾಗ ಆಕೆಗೆ ಅಳು ಬಂದಿತ್ತೆಂದು ಅವತ್ತು ತಿಳಿಯಿತು. ಕಿವಿಯಣ್ಣನ ಕಣ್ಣಲ್ಲಿ ನೀರು ತುಂಬಿಕೊಂಡಿತು.

“ತುಂಬ ವ್ಯತ್ಯಾಸ ಇದೆ,” ಎಂದ.

ಬೆಳಿಗ್ಗೆ ಸೋಫಾದ ಮೇಲಿದ್ದ ಮೂವರು ಒಂದು ಸಲ ಮೋಸ ಹೋಗಿದ್ದರು, ಇನ್ನೊಂದು ಸಲ ಹೋಗಲು ತಯಾರಿರಲಿಲ್ಲ. ಮೇಷ್ಟ್ರು ತುಟಿ ಬಿಗಿಹಿಡಿದು, “ನಂಗಂತೂ ಎರಡೂ ಒಂದೇ ಅನ್ಸತ್ತಪ್ಪ,” ಎಂದರು. “ಒಂದೇ, ಒಂದೇ,” ಎಂದ ಭಾಮೈದ. ಹೆಂಡತಿ ತಮ್ಮನ ಕಡೆ ನೋಡಿ ಹೌದೆಂದು ತಲೆಯಾಡಿಸಿದಳು.

ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ನಾಲ್ಕು ಕ್ಷಣ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಕಿವಿಯಣ್ಣನ ಹುಬ್ಬು ಗಂಟಾಯಿತು. ಗೋಡೆಯಾಚೆ, ಮೇಲಿನ ಕೋಣೆಯಲ್ಲಿ, ಅವರ ಕಟ್ಟಡದ ಲಿಫ್ಟಿನ ಮೋಟಾರ್ ಓಡುತ್ತಿತ್ತು. ಅದರ ಬೇರಿಂಗ್ ಒಂದೊಂದು ಸುತ್ತಿಗೂ ಹಲ್ಲು ಕಡಿಯುತ್ತಿತ್ತು. ಇವತ್ತೋ ನಾಳೆಯೋ ಹಿಡಿದುಕೊಂಡು ನಿಲ್ಲುವಂಥದ್ದು.

ಹೊರಟು ನಿಂತ ಮೂವರನ್ನೂ ಬಾಗಿಲಲ್ಲಿ ತಡೆದ. “ಲಿಫ್ಟಲ್ಲಿ ಹೋಗಬೇಡಿ. ಬೇರಿಂಗ್ ಹೋಗಿದೆ. ಮೆಟ್ಟಿಲಲ್ಲಿ ಇಳೀರಿ.”

“ನನ್ನ ಮಂಡಿ ನೋಡಿದೀಯೇನಪ್ಪ?” ಎಂದರು ಮೇಷ್ಟ್ರು, ಒಂದೇ ಮಹಡಿ ಇಳಿಯಬೇಕಾಗಿದ್ದವರು.

ಯಜಮಾನನಿಗೆ ಅಂಗಡಿ ಮುಚ್ಚಲು ಹೊತ್ತಾಗಿತ್ತು. ಭಾಮೈದ ಲಿಫ್ಟಿನೊಳಗೆ ಅಂಟಿಸಿದ್ದ ಕಾಗದ ತೋರಿಸಿದ. “ಕಂಪನಿಯವರು ಮೊನ್ನೆ ತಾನೆ ನೋಡಿ ಸರಿಯಾಗಿದೆ ಅಂತ ಸಹಿ ಹಾಕಿದ್ದಾರೆ ಭಾವ. ಇನ್ನಾದ್ರೂ ಆ ಮೋಟಾರುಗಳ ಚಿಂತೆ ಬಿಡಿ. ಆ ಕೆಲಸ ಈಗ ನಿಮ್ಮದಲ್ವಲ್ಲ.”

ಬಾಗಿಲು ಮುಚ್ಚಿಕೊಂಡಿತು. ಕಿವಿಯಣ್ಣ ಬಾಗಿಲ ಬದಿಗೆ ಇಟ್ಟಿದ್ದ ತನ್ನ ಚೀಲದಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದ. ಕಾರ್ಖಾನೆಯವರು ಪಾಸ್ ಇಸಿದುಕೊಂಡಿದ್ದರು, ಅದನ್ನು ಕೇಳಿರಲಿಲ್ಲ. ತುದಿಯನ್ನು ಲಿಫ್ಟಿನ ಕಬ್ಬಿಣದ ಚೌಕಟ್ಟಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿದ. ಲಿಫ್ಟ್ ಅರ್ಧ ಮಹಡಿ ಇಳಿಯಿತು. ಕಿರ್ ಎಂದಿತು. ಬೇರಿಂಗ್ ಹಿಡಿದುಕೊಂಡಿತು, ಅದರ ಹಿಂದೆಯೇ ಬ್ರೇಕ್ ಗಟ್ಟಿಯಾಗಿ ಕಚ್ಚಿಕೊಂಡಿತು. ಬ್ರೇಕ್ ಚೆನ್ನಾಗಿತ್ತು. ಯಾರೂ ಬೀಳುವುದಿಲ್ಲ. ಕಂಪನಿಯವರು ಬರುವ ತನಕ ಎರಡು ಗಂಟೆ ನಿಂತಿರಬೇಕು, ಅಷ್ಟೇ.

ಒಳಗಿನಿಂದ ಬಡಿತ ಶುರುವಾಯಿತು. ಆಮೇಲೆ ಭಾಮೈದನ ದನಿ ಬಂತು. “ಭಾವಾ, ಭಾವಾ, ಕೇಳಿಸ್ತಿದ್ಯಾ?”

ಕಿವಿಯಣ್ಣ ಸ್ಕ್ರೂಡ್ರೈವರ್ ಒರೆಸಿ ಒಳಗೆ ಬಂದು, ಲಿಫ್ಟ್ ಕಂಪನಿಗೆ ಫೋನ್ ಮಾಡಿ ವಿಳಾಸ ಹೇಳಿದ. ಬಾಗಿಲು ಹಾಕಿದ. ರೆಕಾರ್ಡನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಟ್ಟು ಕುರ್ಚಿಯಲ್ಲಿ ಕೂತ.

“ರೀ, ಯಾರೋ ಕೂಗಿದ ಹಾಗಿದೆ,” ಎಂದಳು ಹೆಂಡತಿ. “ನಿಮ್ಗೆ ಕೇಳಿಸ್ತಾ?”

“ಇಲ್ಲ,” ಎಂದು ಅವನು ದನಿ ಹೆಚ್ಚಿಸುವ ಗುಂಡಿಯನ್ನು ಬಲಕ್ಕೆ ತಿರುಗಿಸಿದ. “ನನ್ನ ಕಿವಿ ನಂಬಬೇಡಿ ಅಂತ ಬರ್ದು ಸಹಿ ಹಾಕಿ ಬಂದಿದ್ದೀನಿ.”